ಆತು, ಆಗೇತಿ

ನಾನು ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಬಂದದ್ದು ಅಜ್ಜಿಯಿಂದ, ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅವಳು ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಮಧ್ಯಾಹ್ನಗಳಲ್ಲಿ. ಒಂದು ಸಲ ಅಂಗಳದಲ್ಲಿ ಬಣ್ಣ ಹಾಕಿ ಒಣಗಿಸಿದ್ದ ನೂಲು ಒಳಗೆ ತಾ ಅಂದಳು. "ಆತವ್ವ" ಎಂದು ಕೂಗಿ ಗೋಲಿ ಆಟ ಮುಂದುವರಿಸಿದೆ. ಮಳೆ ಬಂತು. ಕೆಂಪು ಬಣ್ಣವೆಲ್ಲ ಬಿಳಿ ನೂಲಿಗೆ ಇಳಿಯಿತು.

"ಆತು ಅಂದ್ಯಲ್ಲೋ?"

"ಅಂದೆ."

"ಆತು ಅಂದ್ರ ಕಿವಿಗಿ ಬಿತ್ತು ಅಂತ. ಆಗೇತಿ ಅಂದ್ರ ಕೆಲಸ ಮುಗೀತು ಅಂತ. ನಿನ್ನ ಬಾಯಾಗ ಎರಡೂ ಒಂದ ಆಗ್ಯಾವ. ಒಂದಿನ ಯಾರನ್ನಾರ ಮುಳುಗಿಸ್ತಿ ನೀ."

ಬೈಗುಳ ಅಂದುಕೊಂಡು ಮರೆತೆ.

ಈಗ ನಾನು ಗದ್ವಾಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತೇನೆ. ದಿನವೂ ಬಸ್ಸಿನಲ್ಲಿ ಮಕ್ತಲ್ ದಾಟಿ, ಕೃಷ್ಣೆಯನ್ನು ದಾಟಿ ಹೋಗಬೇಕು. ಅಜ್ಜಿಯ ಮಗ, ಅಂದರೆ ನನ್ನ ಸೋದರಮಾವ, ಮಗ್ಗ ಬಿಟ್ಟು ಎಮ್ಮೆ ಕಟ್ಟಿದವನು. ಅವನ ಊರು ಮಕ್ತಲ್ ಕಡೆ ಹೊಳೆಯ ದಂಡೆಗೇ ಇದೆ. ಊರಿಗೂ ನಡುಗಡ್ಡೆಗೂ ಮಧ್ಯೆ ಹೊಳೆಯ ಒಂದು ಸೀಳು ಹರಿಯುತ್ತದೆ. ನೀರು ಕಡಿಮೆ ಇದ್ದಾಗ ಮೊಣಕಾಲು ಮಟ್ಟ. ಮಾವ ಮತ್ತು ಇನ್ನು ಏಳೆಂಟು ಮಂದಿ ಬೆಳಗ್ಗೆ ಎಮ್ಮೆಗಳನ್ನು ಆ ಸೀಳು ದಾಟಿಸಿ ಗಡ್ಡೆಯ ಹುಲ್ಲಿಗೆ ಬಿಡುತ್ತಾರೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಮೊದಲು ತುಂಬುವುದು ಅದೇ ಸೀಳು. ಗಡ್ಡೆಯ ಮೇಲೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಮುಂದಿನ ಹೊಳೆ ಸುಮ್ಮನೆ ಕಾಣುತ್ತಿರುವಾಗಲೇ ಹಿಂದಿನ ದಾರಿ ಮುಚ್ಚಿಹೋಗಿರುತ್ತದೆ.

ಅದಕ್ಕಾಗಿಯೇ ನಾನು ಕಂಪ್ಯೂಟರಿನ ಪೈಥಾನ್ ಭಾಷೆಯಲ್ಲಿ ಒಂದು ಚಾಟ್ ಬಾಟ್, ಮೆಸೇಜಿಗೆ ತಾನೇ ಉತ್ತರ ಕೊಡುವ ಪ್ರೋಗ್ರಾಮು, ಮಾಡಿದ್ದೆ. ಹೊಳೆಯ ಮೇಲ್ಗಡೆ, ಕರ್ನಾಟಕದ ದಂಡೆಯಲ್ಲಿ, ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ನೀರು ಏರುವುದು ಕಂಡರೆ ಅವರು ಬಾಟಿಗೆ "ನೀರು" ಎಂದು ಬರೆಯುತ್ತಾರೆ. ಬಾಟು ಅವರಿಗೆ "ಆತು" ಎಂದು ಉತ್ತರ ಕೊಟ್ಟು, ನಮ್ಮ ದಂಡೆಯ ಎಲ್ಲರ ಮೊಬೈಲಿಗೂ ಸುದ್ದಿ ಮುಟ್ಟಿಸುತ್ತದೆ. ಆ "ಆತು" ನಾನೇ ಬರೆದಿದ್ದು. ಮಾಸ್ತರಿಗೆ ಅದು ಬಹಳ ಹಿಡಿಸಿತ್ತು. "ನಮ್ಮ ಮನಷ್ಯಾ ಅಂದಂಗ ಅಂತೈತಿ ನೋಡಪ" ಎಂದು ನಕ್ಕಿದ್ದರು.

ಮಾವನಿಗಂತೂ ಅದರ ಮೇಲೆ ಅಪಾರ ನಂಬಿಕೆ. ಮೊದಲು ದಿನವೂ ಪುಟ್ಟಿಯನ್ನು, ಅಂದರೆ ಹರಗೋಲನ್ನು, ತಲೆಯ ಮೇಲೆ ಹೊತ್ತು ಗಡ್ಡೆಗೆ ಒಯ್ಯುತ್ತಿದ್ದವನು ಅದನ್ನು ಮನೆಯ ಗೋಡೆಗೆ ಬೋರಲು ಹಾಕಿಬಿಟ್ಟ.

"ಏನ್ ಅಳಿಯಾ, ನಿನ್ನ ಡಬ್ಬಿ ನನಗಿಂತ ಮೊದಲ ಹೊಳೀ ಖಬರು ತರ್ತೈತಿ. ಇನ್ನ ಪುಟ್ಟಿ ಹೊರಾಕ ನನಗೇನು ಹುಚ್ಚೇನು?"

ಆ ಮಾತಿಗೆ ಹಿಗ್ಗಿದ್ದೆ. ಗೋಡೆಗೆ ಒರಗಿದ ಆ ಪುಟ್ಟಿಯ ತಳಕ್ಕೆ ಆಗಲೇ ಜೇಡ ಬಲೆ ಕಟ್ಟಿತ್ತು. ನೋಡಿಯೂ ಏನೂ ಅನ್ನಲಿಲ್ಲ.

ಬಾಟು ನಡೆಯುತ್ತಿದ್ದುದು ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಸಿದ್ಧ ಕೋಡಿನ ಒಂದು ಲೈಬ್ರರಿಯ ಮೇಲೆ. ಅದರ ಹಳೆಯ ಆವೃತ್ತಿ ಸುದ್ದಿಯನ್ನು ಒಬ್ಬರಿಗೆ ಕಳಿಸಿ, ಅದು ಹೋಗುವ ತನಕ ನಿಂತು, ಆಮೇಲೆ ಇನ್ನೊಬ್ಬರಿಗೆ ಕಳಿಸುತ್ತಿತ್ತು. ಒಂದು ಕಡೆ ತಡವಾದರೆ ಹಿಂದಿನವರೆಲ್ಲ ಕಾಯಬೇಕು. ಹೊಸ ಆವೃತ್ತಿ ಪೂರ್ತಿ ಅಸಿಂಕ್. ಒಂದು ಕಡೆ ತಡವಾದರೆ ಅದನ್ನು ಅಲ್ಲಿಗೇ ಬಿಟ್ಟು ಉಳಿದವರ ಕೆಲಸ ಮುಂದುವರಿಸುತ್ತದೆ. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಸುದ್ದಿ. ಮಳೆಗಾಲಕ್ಕೆ ಮೊದಲೇ ಬದಲಾಯಿಸಿಬಿಡೋಣ ಎಂದು ಕೂತೆ.

ಹೊಸದರಲ್ಲಿ ಒಂದು ಷರತ್ತಿದೆ. "ಕಳಿಸು" ಎಂದು ಬರೆದರೆ ಅದು ಕಳಿಸುವುದಿಲ್ಲ. ಕಳಿಸುತ್ತೇನೆ ಎಂದು ಒಪ್ಪಿ ಸುಮ್ಮನೆ ಕೂರುತ್ತದೆ. ಮುಂದೆ "ಅವೇಟ್" ಎಂಬ ಪದ ಸೇರಿಸಿದರೆ ಮಾತ್ರ ಎದ್ದು ಕೆಲಸಕ್ಕೆ ಹೋಗುತ್ತದೆ. ಪದ ಮರೆತರೆ ಪ್ರೋಗ್ರಾಮು ನಿಲ್ಲುವುದೂ ಇಲ್ಲ, ದೊಡ್ಡದಾಗಿ ದೂರುವುದೂ ಇಲ್ಲ. ನಡೆದದ್ದನ್ನೆಲ್ಲ ಅದು ಬರೆದಿಡುವ ಲಾಗಿನಲ್ಲಿ ಒಂದು ಸಾಲು ಮೂಡಿ ಮೇಲಕ್ಕೆ ಸರಿದುಹೋಗುತ್ತದೆ, ಅಷ್ಟೇ.

ಎರಡು ಪಟ್ಟಿಗಳಿದ್ದವು. ದಂಡೆಯವರದು ದೊಡ್ಡದು. ಗಡ್ಡೆಗೆ ಹೋಗುವವರದು ಚಿಕ್ಕದು, ಎಲ್ಲರಿಗಿಂತ ಮೊದಲು ಅವರಿಗೇ ಹೋಗಲಿ ಎಂದು ಬೇರೆ ಮಾಡಿದ್ದೆ. ಊರಿಂದೂರಿಗೆ ಬಸ್ಸಿನಲ್ಲಿ ಓಡಾಡುತ್ತ, ಲ್ಯಾಬಿನಲ್ಲಿ ಬಿಡುವು ಸಿಕ್ಕಾಗ ಸಿಕ್ಕಾಗ, ಒಂದೊಂದೇ ಜಾಗ ತಿದ್ದಿದೆ. ಊರವರು ಗಾಬರಿಯಾಗದಂತೆ ಉಳಿದ ನಂಬರುಗಳನ್ನು ತಡೆದಿಟ್ಟು, ಪರೀಕ್ಷೆಗೆಂದು ನಾನೇ "ನೀರು" ಬರೆದೆ. "ಆತು" ಎಂದಿತು. ನನ್ನ ಮೊಬೈಲಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುದ್ದಿ ಬಂತು. ನನ್ನ ಹೆಸರಿದ್ದದ್ದು ದಂಡೆಯ ಪಟ್ಟಿಯಲ್ಲಿ. ಲಾಗಿನಲ್ಲಿ ಹಳದಿ ಅಕ್ಷರದ ಸಾಲೊಂದು ಸರಿದದ್ದು ಕಂಡಿತ್ತು. ಅಂಥವು ದಿನವೂ ಹತ್ತು ಬರುತ್ತವೆ ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಅದಾಗಿ ಕೆಲವೇ ದಿನ. ನಾರಾಯಣಪೇಟೆಯಿಂದ ಬೆಳಗಿನ ಬಸ್ಸು. ನಮ್ಮ ಕಡೆ ಮಳೆಯೇ ಇರಲಿಲ್ಲ, ಸೊಗಸಾದ ಬಿಸಿಲು. ಮಕ್ತಲ್ ಇನ್ನೂ ಸ್ವಲ್ಪ ದೂರವಿರುವಾಗ ಮೊಬೈಲು ಅಲುಗಿತು: ಮೇಲಿಂದ ನೀರು ಬರ್ತೈತಿ, ಹೊಳೀ ಬಿಟ್ಟು ಬರ್ರಿ. ಮಾಸ್ತರು ಬರೆದ ಅದೇ ನಿಮಿಷಕ್ಕೆ ಬಂದಿತ್ತು. ಪಕ್ಕದವರಿಗೆ ತೋರಿಸಬೇಕೆನ್ನುವಷ್ಟು ಖುಷಿಯಾಯಿತು.

ಸುದ್ದಿ ಬಂದಾಗಲೆಲ್ಲ ಮಾವ ಗಡ್ಡೆಯಿಂದ ಫೋನು ಮಾಡಿ ಏನಾದರೊಂದು ಚೇಷ್ಟೆಯ ಮಾತು ಆಡುವುದು ರೂಢಿ. ಅವತ್ತು ಮಾಡಲಿಲ್ಲ. ಎರಡು ಹಳ್ಳಿ ದಾಟಿದರೂ ಮಾಡಲಿಲ್ಲ. ಮೊಬೈಲಿನಲ್ಲೇ ಲಾಗು ತೆರೆದೆ. ಅಲ್ಲಿ ಹಳದಿ ಸಾಲು ಕೂತಿತ್ತು. ಗಡ್ಡೆಯವರಿಗೆ ಕಳಿಸುವ ಕೆಲಸದ ಹೆಸರು, ಅದರ ಪಕ್ಕ, ಇದನ್ನು ಯಾರೂ ಅವೇಟ್ ಮಾಡಲೇ ಇಲ್ಲ ಎಂಬ ಮಾತು. ಉಳಿದೆಲ್ಲ ಕಡೆ ಬರೆದಿದ್ದ ಪದವನ್ನು ಆ ಒಂದು ಕಡೆ ಬಿಟ್ಟಿದ್ದೆ.

ಮಾವನ ಫೋನು ಹತ್ತಲಿಲ್ಲ. ಮಾಸ್ತರಿಗೆ ಮಾಡಿದೆ.

"ಗಡ್ಡೀಯವರಿಗಿ ನೀವೇನಾರ ಫೋನ್ ಹಚ್ಚೀರೇನ್ರೀ?"

"ಇಲ್ಲಪ. ಮೊದಲೆಲ್ಲ ಹಚ್ತಿದ್ದೆ. ಈಗ ಆತು ಅಂತ ಬಂತಲ್ಲ, ಅದಕ ಬಿಟ್ಟೆ. ಯಾಕಪ? ಆತು ಅಂದ್ರ ಆಗಿಲ್ಲೇನು?" ಎಂದರು.

ಮಕ್ತಲ್‌ನಲ್ಲಿ ಇಳಿದು ಆಟೊ ಹಿಡಿದೆ. ದಾರಿಯುದ್ದಕ್ಕೂ ಏಳೆಂಟು ಜನರ ನಂಬರುಗಳನ್ನು ಒಂದಾದ ಮೇಲೊಂದು ಒತ್ತಿದೆ. ಒಬ್ಬ ಎತ್ತಿದ, ಅವನು ಅವತ್ತು ಗಡ್ಡೆಗೆ ಹೋಗಿರಲಿಲ್ಲ. "ಯಾರೂ ಹೋಗಿಲ್ರೀ, ಊರಾಗ ಮದಿವಿ ಐತಿ. ನಿಮ್ಮ ಮಾವ ಒಬ್ಬಾವ ಹೋಗ್ಯಾನ" ಎಂದ.

ದಂಡೆಗೆ ಬಂದಾಗ ಸೀಳು ಇರಲಿಲ್ಲ. ಅಲ್ಲೂ ಹೊಳೆಯೇ ಹರಿಯುತ್ತಿತ್ತು, ಕೆಮ್ಮಣ್ಣಿನ ಬಣ್ಣದ್ದು, ಸದ್ದೇ ಇಲ್ಲದ್ದು. ಮೇಲೆ ಬೆಂಡು, ಕಡ್ಡಿ, ಬಿಳಿ ನೊರೆ ಒಂದೇ ಸಮನೆ ಸಾಗುತ್ತಿದ್ದವು. ಅತ್ತೆ ಬುತ್ತಿಗಂಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಗಾಬರಿಯೇ ಇರಲಿಲ್ಲ.

"ಬರ್ತಾರ ತಗೋ. ನಿನ್ನ ಡಬ್ಬಿ ಆಗಲೇ ಹೇಳಿರ್ತೈತಿ ಅವರಿಗಿ."

"ಇಲ್ಲ ಅತ್ತಿ. ಹೇಳಿಲ್ಲ. ನಂದ ತಪ್ಪು."

ಅವಳು ನನ್ನನ್ನು ನೋಡಲಿಲ್ಲ. ಬುತ್ತಿಗಂಟನ್ನು ಕೆಳಗಿಟ್ಟು ನೀರಿನ ಕಡೆ ತಿರುಗಿದಳು. ನಾಲ್ಕು ಜನ ಮದುವೆ ಮನೆಯಿಂದ ಬಂದು ಪುಟ್ಟಿ ಹೊತ್ತು ತಂದರು. ಸೆಳೆತ ನೋಡಿ ಯಾರೂ ಅದನ್ನು ನೀರಿಗೆ ಇಳಿಸಲಿಲ್ಲ. ಗಡ್ಡೆಯ ಹುಲ್ಲಿನ ತುದಿಗಳಷ್ಟೇ ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವೂ ಕಾಣಲಿಲ್ಲ.

ಎಷ್ಟು ಹೊತ್ತು ನಿಂತೆವೋ. ಕೆಳಗಡೆ ಜಾಲಿಯ ಗಿಡಗಳ ಹತ್ತಿರ ಯಾರೋ ಕೂಗಿದರು. ಓಡಿಹೋದೆವು. ಎಮ್ಮೆಗಳ ಕರಿ ತಲೆಗಳು ನೀರಿನ ಮೇಲೆ ತೇಲಿ ಬರುತ್ತಿದ್ದವು. ಕಡೆಯ ಎಮ್ಮೆಯ ಬಾಲ ಹಿಡಿದು ಮಾವ. ದಂಡೆಗೆ ಎಳೆದು ಹಾಕಿದಾಗ ಅವನ ಬೆರಳುಗಳನ್ನು ಆ ಬಾಲದಿಂದ ಬಿಡಿಸಲು ಇಬ್ಬರು ಬೇಕಾಯಿತು. ಅವನು ಎಮ್ಮೆಗಳನ್ನು ಎಣಿಸಿದ. ಜೊತೆಗೆ ಹೋಗಿದ್ದ ಕರು ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದ.

"ಏನ್ ಅಳಿಯಾ, ಡಬ್ಬಿಗಿ ಇವತ್ತು ಸೂಟಿ ಇತ್ತೇನು?"

ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಬಿಟ್ಟ ಪದವನ್ನು ಅವತ್ತೇ ಬರೆದೆ. ಒಂದೇ ಪದ, ಅರೆ ಕ್ಷಣದ ಕೆಲಸ. ಆದರೆ ಅಷ್ಟಕ್ಕೇ ಬಿಡದೆ ಬಾಟಿನ ಬಾಯಿಂದ "ಆತು" ತೆಗೆದುಹಾಕಿದೆ. ಈಗ ಅದು ಮಾಸ್ತರಿಗೆ ಏನನ್ನೂ ಒಪ್ಪಿಸುವುದಿಲ್ಲ, ಹೆಸರುಗಳ ಪಟ್ಟಿಯನ್ನು ಮುಂದಿಡುತ್ತದೆ. ಸುದ್ದಿ ಮುಟ್ಟಿದವರು ಹೊಳೆ ದಾಟಿ ಈಚೆ ಬಂದ ಮೇಲೆ ತಮ್ಮ ಕೈಯಾರೆ "ಆಗೇತಿ" ಎಂದು ಕಳಿಸಬೇಕು. ಅಲ್ಲಿಯವರೆಗೆ ಅವರ ಹೆಸರಿನ ಮುಂದಿನ ಜಾಗ ಖಾಲಿ.

ಮಾವ ಈಗಲೂ ಗಡ್ಡೆಗೆ ಹೋಗುತ್ತಾನೆ. ಹುಲ್ಲು ಇರುವುದೇ ಅಲ್ಲಿ. ಪುಟ್ಟಿ ಮತ್ತೆ ಅವನ ತಲೆ ಏರಿದೆ. ನೀರು ಬಂದ ದಿನ ಎಲ್ಲರ ಉತ್ತರ ಬಂದ ಮೇಲೆ ಕಡೆಗೆ ಉಳಿಯುವುದು ಅವನ ಹೆಸರೇ. ಎಮ್ಮೆ ಎಲ್ಲ ಕಟ್ಟಿ, ಕೈ ಒರೆಸಿಕೊಂಡ ಮೇಲೆಯೇ ಅವನು ಮೊಬೈಲು ಮುಟ್ಟುವುದು. ಬೇಗ ಕಳಿಸು ಎಂದು ಹೇಳುವ ಬಾಯಿ ನನಗೆ ಉಳಿದಿಲ್ಲ.

ಹೋದ ಸಲ ನೀರು ಬಂದಾಗ ರಜೆಯ ದಿನ, ನಾನು ಮನೆಯಲ್ಲೇ ಇದ್ದೆ. ಅಜ್ಜಿ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದಳು. ನಾನು ಮೊಬೈಲು ಹಿಡಿದು ಕೂತದ್ದು ನೋಡಿ "ನಿಮ್ಮ ಮಾವ ದಾಟಿ ಬಂದನೇನು?" ಎಂದಳು. ರಾಟೆ ನಿಂತಿತು. ಅವಳ ಕೈ ನೂಲಿನ ಮೇಲೆ ಹಾಗೇ ಇತ್ತು.

"ಮೆಸೇಜು ಮುಟ್ಟೇತವ್ವ ಅವಗ" ಎಂದೆ.

"ಅದನ್ನ ಕೇಳಿಲ್ಲ ನಾ" ಎಂದಳು.

ಇಬ್ಬರೂ ಮಾವನ ಹೆಸರಿನ ಮುಂದಿನ ಆ ಖಾಲಿ ಜಾಗವನ್ನು ನೋಡುತ್ತ ಕೂತೆವು.