ಅಕ್ಕ, ನಾನು ಮತ್ತು ರನ್ನಿಂಗ್ ಮ್ಯಾನ್

ಅಕ್ಕ ದಾವಣಗೆರೆಯಿಂದ ನನ್ನ ಮನೆಗೆ ಬಂದಾಗ, ಭಾವ ಅವಳೊಂದಿಗೆ ಮಾತು ಬಿಟ್ಟು ವರ್ಷವಾಗಿತ್ತು. ಹೊಡೆತವಿಲ್ಲ, ಬೈಗುಳವಿಲ್ಲ. ಅವರ ತಂಗಿಯ ಮನೆಯ ಗೃಹಪ್ರವೇಶದಲ್ಲಿ ನೆಂಟರ ಮುಂದೆ ಅಕ್ಕ ಏನೋ ಎದುರಾಡಿದಳಂತೆ. ಅಂದಿನಿಂದ ಭಾವ ಅವಳ ಮುಂದೆ ತುಟಿ ಬಿಚ್ಚಿರಲಿಲ್ಲ. ತಟ್ಟೆ ಮುಂದಕ್ಕೆ ತಳ್ಳಿದರೆ ಇನ್ನಷ್ಟು ಅನ್ನ ಬೇಕು ಎಂದರ್ಥ. ಏನಾದರೂ ಹೇಳಲೇಬೇಕಾದರೆ ತಮ್ಮ ಹಾರ್ಡ್‌ವೇರ್ ಅಂಗಡಿಯಿಂದ ಪಕ್ಕದ ಮನೆಯವರಿಗೆ ಫೋನ್ ಮಾಡಿ, ಅವರ ಕೈಲಿ ಹೇಳಿಸುತ್ತಿದ್ದರು. ಮಕ್ಕಳಿಲ್ಲದ ಮನೆ.

"ಗೋಡೆ ಜೊತೆ ಮಾತಾಡಿ ಮಾತಾಡಿ ಗೋಡೆಗೂ ಬೇಜಾರಾಗೋಯ್ತು ಕಣೇ. ಸ್ವಲ್ಪ ದಿನ ನಿನ್ ಹತ್ರ ಇರ್ತೀನಿ," ಎಂದು ಅಕ್ಕ ಬ್ಯಾಗ್ ಇಳಿಸಿದಳು.

ನಾನು ಮದುವೆಯಾಗದವಳು. ಸುದ್ದಗುಂಟೆಪಾಳ್ಯದಲ್ಲಿ ಮೊದಲ ಮಹಡಿಯ ಪುಟ್ಟ ಬಾಡಿಗೆ ಮನೆ, ಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸ. ದಿನವಿಡೀ ನಿಂತುಕೊಂಡೇ ರೋಗಿಗಳ ಕಣ್ಣಿಗೆ ಡ್ರಾಪ್ಸ್ ಹಾಕುವುದು, "ಕಣ್ಮುಚ್ಕೊಳಿ ಅಂಕಲ್, ಉಜ್ಜಬೇಡಿ" ಎನ್ನುವುದು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೆ ನಾನೇ ಕಣ್ಣು ಮುಚ್ಚಿಬಿಡುತ್ತಿದ್ದೆ. ಐವತ್ತು ಹತ್ತಿರವಾದಂತೆ ಆ ದಣಿವು ನಿದ್ದೆ ಮಾಡಿದರೂ ಹೋಗುತ್ತಿರಲಿಲ್ಲ.

ಒಂದು ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲೇ ಅಕ್ಕ, "ಡಾನ್ಸ್ ಕ್ಲಾಸಿಗೆ ಸೇರ್ಕೊಂಡೆ. ನಿನ್ನೂ ಸೇರಿಸ್ದೆ," ಎಂದಳು. ಬಿಟಿಎಂ ಲೇಔಟಿಗೆ ಸೊಪ್ಪು ತರಲು ಹೋದವಳು, ಬೇಕರಿಯೊಂದರ ಮೇಲಿನ ಹಾಲ್‌ನಲ್ಲಿ ಹುಡುಗ ಹುಡುಗಿಯರು ಕುಣಿಯುವುದನ್ನು ನೋಡುತ್ತ ನಿಂತುಬಿಟ್ಟಿದ್ದಳಂತೆ. ಹಿಪ್-ಹಾಪ್, ಹೊಸಬರಿಗೆ, ಶನಿವಾರ ಭಾನುವಾರ ಸಂಜೆ.

"ನಂಗ್ಯಾಕಕ್ಕ? ನಿಂತ್ರೆ ಸಾಕು, ಕಾಲು ಹಿಡ್ಕೊಳ್ಳತ್ತೆ."

"ಒಬ್ಳೇ ಹೋಗೋಕೆ ನಾಚಿಕೆ ಆಗತ್ತೆ. ಬಂದು ಕೂತ್ಕೋ, ಸಾಕು."

ಕೂರಲು ಅಲ್ಲಿ ಕುರ್ಚಿಯೇ ಇರಲಿಲ್ಲ. ಗಂಡುಕ್ರಾಪಿನ, ಜೋಲುಪ್ಯಾಂಟಿನ ಟೀಚರ್ ಹುಡುಗಿ ನಮ್ಮಿಬ್ಬರನ್ನೂ ಕನ್ನಡಿಯ ಮುಂದೆಯೇ ನಿಲ್ಲಿಸಿದಳು. ಅಕ್ಕ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಸಿದ್ಧಳಾಗಿದ್ದಳು. ಸುತ್ತಲಿದ್ದವರೆಲ್ಲ ನಮಗೆ ಮಕ್ಕಳಾಗುವ ವಯಸ್ಸಿನವರು.

"ಎಲ್ರೂ ಬಿಗಿನರ್ಸೇ ಆಂಟಿ, ತಲೆ ಕೆಡಿಸ್ಕೋಬೇಡಿ," ಎಂದು ಆಕೆ ರನ್ನಿಂಗ್ ಮ್ಯಾನ್ ಎಂಬ ಹೆಜ್ಜೆ ತೋರಿಸಿದಳು. ಒಂದು ಮೊಣಕಾಲು ಎತ್ತಬೇಕು. ಎತ್ತಿದ ಕಾಲು ಮುಂದೆ ಇಳಿಯುವ ಕ್ಷಣಕ್ಕೇ ನಿಂತ ಕಾಲು ಹಿಂದಕ್ಕೆ ಜಾರಬೇಕು. ಆಮೇಲೆ ಹಿಂದಿನ ಕಾಲನ್ನು ಎತ್ತಬೇಕು. ನೋಡುವವರಿಗೆ ಓಡಿದಂತೆ ಕಾಣುತ್ತದೆ, ಇದ್ದ ಜಾಗ ಬಿಟ್ಟು ಕದಲುವುದಿಲ್ಲ.

ಟೀಚರ್‌ಳ ಕಾಲಡಿಯಲ್ಲಿ ಎಣ್ಣೆ ಸವರಿದಂತಿತ್ತು. ನಾನು ಮಾಡಿದಾಗ ಎತ್ತಿದ ಕಾಲು ಧೊಪ್ಪೆಂದು ಬಿತ್ತು, ನಿಂತ ಕಾಲು ನಿಂತೇ ಇತ್ತು.

"ಹಾರೋದಲ್ಲ ಆಂಟಿ, ಜಾರೋದು!"

ಜಾರುವುದೆಂದರೆ ನನಗೆ ಬಚ್ಚಲಮನೆಯೇ ನೆನಪಾಗುತ್ತಿತ್ತು. ಮೈ ತಾನಾಗಿ ಬಿಗಿದುಕೊಳ್ಳುತ್ತಿತ್ತು.

ಅಕ್ಕನಿಗೆ ಮಾತ್ರ ಬೇಗ ಬಂತು. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು, ಒಂದು ಭಾನುವಾರ ಹಾಡಿನ ತಾಳಕ್ಕೆ ಸರಿಯಾಗಿ ಅವಳ ಕಾಲುಗಳು ಜಾರತೊಡಗಿದವು. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಬಾಯಿ ತೆರೆದು ನಕ್ಕಳು. ಹುಡುಗರು "ಸಖತ್ ಆಂಟಿ!" ಎಂದರು. ನನಗೆ ಸಂತೋಷವಾಯಿತೆಂದರೆ ಪೂರ್ತಿ ನಿಜವಲ್ಲ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆಯಿಂದ ಹಿಡಿದು ಎಲ್ಲದರಲ್ಲೂ ಅವಳೇ ಮುಂದು. ನೋವು ಹೊತ್ತು ಬಂದವಳು ಅವಳು, ಅಷ್ಟಾದರೂ ಹಗುರವಾಗಿದ್ದ ಕಾಲು ಅವಳದೇ. ನಾನು ಮೂಲೆಯಲ್ಲಿ ಮೊಣಕಾಲು ಒತ್ತಿಕೊಳ್ಳುತ್ತ ನಿಂತಿದ್ದೆ.

ಮನೆಯಲ್ಲೂ ಅವಳು ಬಿಡಲಿಲ್ಲ. ಮಂಚ ಗೋಡೆಗೆ ಸರಿಸಿ ನನ್ನನ್ನು ಕುಣಿಸಿದಳು. ಕೆಳಗಿನಿಂದ ಮನೆ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು. ಸುತ್ತಲೆಲ್ಲ ಹೊಲವಿದ್ದ ಕಾಲದಿಂದ ಅಲ್ಲೇ ಇರುವ ಮನೆತನ ಅವರದು.

"ಏನ್ರಮ್ಮಾ, ಮೇಲೆ ರಾಗಿ ಕುಟ್ತಾ ಇದೀರಾ?"

ಅಕ್ಕ ಸಂಕೋಚವಿಲ್ಲದೆ ಹೆಜ್ಜೆ ಮಾಡಿ ತೋರಿಸಿದಳು. ಆಂಟಿ ಮಂಚದ ತುದಿಯಲ್ಲಿ ಕೂತು ಪೂರ್ತಿ ನೋಡಿದರು. "ನೀನು ಚೆನ್ನಾಗಿ ಮಾಡ್ತೀಯ ಬಿಡು. ಸದ್ದು ಮಾಡ್ತಿರೋಳು ಇವ್ಳು," ಎಂದು ನನ್ನತ್ತ ಕೈ ತೋರಿಸಿದರು. "ಸೀರಿಯಲ್ ಟೈಮಲ್ಲಿ ಮಾತ್ರ ಬೇಡ, ಏನೂ ಕೇಳ್ಸಲ್ಲ."

ಒಂದು ಶನಿವಾರ ಕ್ಲಿನಿಕ್ಕಿನಲ್ಲಿ ವಿಪರೀತ ಜನ. ಕ್ಲಾಸಿಗೆ ಬರುವುದಿಲ್ಲವೆಂದು ಅಕ್ಕನಿಗೆ ಹೇಳಿ, ಮನೆಗೆ ಬಂದು ಮಲಗಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ, ಕೈಯಲ್ಲಿ ಮಂಡಕ್ಕಿಯ ಕವರ್ ಹಿಡಿದು ಭಾವ ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು.

"ಎಲ್ಲಿ?" ಎಂದರು. ಹೆಸರು ಹೇಳಲಿಲ್ಲ.

"ಡಾನ್ಸ್ ಕ್ಲಾಸಿಗೆ ಹೋಗಿದಾಳೆ."

ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಿದ್ದರೂ ಅವರ ಮುಖ ಅಷ್ಟು ಕೆಡುತ್ತಿರಲಿಲ್ಲ. ಕಾಫಿ ಕೊಟ್ಟೆ. ಅದು ಆರಿಹೋಗುವವರೆಗೂ ಲೋಟ ಹಿಡಿದುಕೊಂಡು ಕೂತರು. ಅಷ್ಟರಲ್ಲಿ ಅಕ್ಕ ಬಂದಳು. ಕೂದಲು ಹಣೆಗೆ ಅಂಟಿತ್ತು. ಅವರನ್ನು ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಳು.

ಭಾವ ನನ್ನ ಕಡೆ ತಿರುಗಿದರು. "ಹೇಳ್ರಿ ನಿಮ್ಮಕ್ಕಂಗೆ, ಮನಿಗೆ ಬರ್ಬೇಕಂತೆ ಅಂತ."

ಅಕ್ಕನೂ ನನ್ನನ್ನೇ ನೋಡಿದಳು. "ಯಾರು ಹೇಳ್ತಿರೋದು ಅಂತ ಕೇಳು."

ನನಗೆ ಎಲ್ಲಿಂದ ಸಿಟ್ಟು ಬಂತೋ. ಬೆಳಗಿನಿಂದ ಅದೆಷ್ಟು ಜನರ ರೆಪ್ಪೆ ಬಿಡಿಸಿದ್ದೆನೋ, ಬೆನ್ನು ಸೀಳಿಹೋಗುತ್ತಿತ್ತು. "ನಾನೇನು ಪೋಸ್ಟ್ ಡಬ್ಬಾನಾ? ನಂಗೆ ಸಾಕಾಗೋಗಿದೆ. ಇಬ್ರಿಗೂ ಬಾಯಿದೆ, ಮಾತಾಡ್ಕೊಳ್ಳಿ!" ಎಂದು ಕೂಗಿ ತಾರಸಿಗೆ ಹೋಗಿಬಿಟ್ಟೆ. ನೀರಿನ ಟ್ಯಾಂಕಿಗೆ ಒರಗಿ ಕೂತೆ. ಅಕ್ಕನ ಗಂಡನ ಮುಂದೆ ನಾನು ಎಂದೂ ದನಿ ಏರಿಸಿದವಳಲ್ಲ.

ಬಹಳ ಹೊತ್ತಿನ ಮೇಲೆ ಭಾವ ಗೇಟು ತೆಗೆದು ಒಬ್ಬರೇ ಹೊರಟಿದ್ದು ಮೇಲಿನಿಂದ ಕಂಡಿತು. ಇಳಿದು ಬಂದಾಗ ಅಕ್ಕ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ಮಾತಾಡಿದ್ರಾ?"

"ಹೂಂ. ಫೋನ್ ಮಾಡ್ಲಾ ಅಂದ್ರು. ಮಾಡಿ ಅಂದೆ."

ಮಾರನೆಯ ದಿನದಿಂದ ಸಂಜೆ ಸಂಜೆ ಫೋನ್ ಬರತೊಡಗಿತು. ಮೊದಮೊದಲು ಒಂದೇ ಪ್ರಶ್ನೆ, ಊಟ ಆಯಿತಾ ಎಂದು. ಆಮೇಲೆ ಕರೆಂಟು ಹೋಗಿದ್ದು, ಅಂಗಡಿಯ ಪೈಪುಗಳ ಹಿಂದೆ ಬೆಕ್ಕು ಮರಿ ಹಾಕಿದ್ದು. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಬಾಲ್ಕನಿಯ ಮೂಲೆಗೆ ಹೋಗಿ ನಿಲ್ಲುತ್ತಿದ್ದಳು. ಕ್ಷಮಿಸು ಎಂದು ಅವರು ಒಂದು ಸಲವೂ ಕೇಳಲಿಲ್ಲವಂತೆ. ಒಂದು ಬೆಳಗ್ಗೆ ಅವಳು ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು.

"ಅಷ್ಟಕ್ಕೇ ಹೊರಟುಬಿಟ್ಯಾ?" ಎಂದೆ.

"ನಿಂಗೆ ಅಷ್ಟೇ ಅನ್ಸತ್ತೆ. ನಾನು ವರ್ಷ ಎಲ್ಲ ಕಾದಿದ್ದು ಅಷ್ಟಕ್ಕೇನೇ."

ವಾದ ಮಾಡಬಹುದಿತ್ತು. ಮತ್ತೆ ಮಾತು ಬಿಟ್ಟರೆ ಏನು ಮಾಡುತ್ತೀ ಎಂದು ಕೇಳಬಹುದಿತ್ತು. ಅದಕ್ಕೆ ಬೇಕಾದ ಶಕ್ತಿ ನನ್ನಲ್ಲಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಆಟೋ ಹತ್ತಿಸಿ, ಅಲ್ಲಿಂದಲೇ ಕ್ಲಿನಿಕ್ಕಿಗೆ ಹೋದೆ.

ಶನಿವಾರ ಬಂತು. ಖಾಲಿ ಮನೆಗೆ ಹೋಗಲು ಮನಸ್ಸಾಗದೆ ಬೇಕರಿಯ ಮೇಲಿನ ಹಾಲ್‌ಗೆ ಮೆಟ್ಟಿಲು ಹತ್ತಿದೆ.

"ಅಕ್ಕ ಬರ್ಲಿಲ್ವಾ ಆಂಟಿ?" ಎಂದಳು ಟೀಚರ್.

"ಊರಿಗೆ ಹೋದ್ಲು."

"ಅಯ್ಯೋ, ಎಷ್ಟ್ ಚೆನ್ನಾಗ್ ಮಾಡ್ತಿದ್ರು!"

ಆ ಹೆಜ್ಜೆ ಕಲಿಯದೆ ನಾನೊಬ್ಬಳೇ ಉಳಿದಿದ್ದೆ. ಉಳಿದವರಿಗೆ ಹೊಸ ಹೆಜ್ಜೆ ಹೇಳಿಕೊಟ್ಟು, ನನಗೆ ಹಳೆಯದನ್ನೇ ಹೇಳುತ್ತ ಆಕೆಗೂ ಸುಸ್ತಾಗಿದ್ದಿರಬೇಕು. ಹೀಗೇ ಕೆಲವು ವಾರ ಕಳೆದವು. ಒಂದು ಸಂಜೆ ನಾನು ಎಷ್ಟು ದಣಿದಿದ್ದೆನೆಂದರೆ, ಜಿಗಿಯೋಣವೆಂದರೆ ಮೈ ಏಳಲಿಲ್ಲ. ಮೊಣಕಾಲನ್ನು ಅರ್ಧಕ್ಕೆ ಎತ್ತಿ ಕೆಳಗೆ ಬಿಟ್ಟೆ. ಬಿಗಿ ಹಿಡಿಯಲು ತ್ರಾಣವಿಲ್ಲದೆ ನಿಂತ ಕಾಲು ತಾನೇ ಹಿಂದಕ್ಕೆ ಜಾರಿತು. ಇನ್ನೊಂದನ್ನು ಎತ್ತಿದೆ. ಅದೂ ಜಾರಿತು.

"ಅದೇ! ಅದೇ ಆಂಟಿ! ನಿಲ್ಲಿಸ್ಬೇಡಿ!"

ಹಾಡು ಮುಗಿಯುವವರೆಗೂ ಮಾಡಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಗೋಡೆಗೆ ಕೈಯೂರಿ ಏದುಸಿರು ಬಿಡುತ್ತ, ಕನ್ನಡಿಯಲ್ಲಿ ಕೆಂಪಾದ ನನ್ನ ಮುಖ ನೋಡಿದೆ. ಒಂಥರಾ ಸಮಾಧಾನವಾಗಿತ್ತು. ಜೊತೆಗೆ, ಯಾರಿಗಾದರೂ ಹೇಳಬೇಕು ಎನ್ನಿಸಿತು.

ಕೆಳಗೆ ಬೇಕರಿಯ ಮುಂದೆ ಟೀ ಹಿಡಿದು ಅಕ್ಕನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ನಗುತ್ತಿದ್ದಳು.

"ಅಡುಗೆಮನೇಲಿ ಸ್ಟೆಪ್ ಹಾಕ್ತಾ ಇದ್ನಾ, ಅವ್ರು ಕನ್ನಡಕ ಮರೆತು ವಾಪಸ್ ಬಂದ್ಬಿಟ್ರು. ಬಾಗಿಲಲ್ಲಿ ನಿಂತು ನೋಡ್ತಿದಾರೆ!"

"ಏನಂದ್ರು?"

"ಏನೂ ಅನ್ಲಿಲ್ಲ."

"ಮತ್ತೆ ಮಾತು ಬಿಟ್ರಾ?" ಎಂದೆ.

"ಹೆದರ್ಬೇಡ್ವೇ. ಹೊಸ್ಲು ದಾಟೋವಾಗ ಅಂದ್ರು, ನೆಲ ಒದ್ದೆ ಐತೆ, ಹುಷಾರು ಅಂತ."

ನನಗೂ ಹೆಜ್ಜೆ ಬಂತೆಂದು ಹೇಳಿದೆ.

"ನಿಜವಾಗ್ಲೂ? ಎರಡೂ ಕಾಲಲ್ಲೂ?"

"ಎರಡರಲ್ಲೂ."

ಅವಳು ಕಿರುಚಿದ ಸದ್ದಿಗೆ ಪಕ್ಕದಲ್ಲಿ ಬನ್ ತಿನ್ನುತ್ತಿದ್ದವರು ತಿರುಗಿ ನೋಡಿದರು. ಆಟೋದವರು ಯಾರೂ ಅಷ್ಟು ಹತ್ತಿರಕ್ಕೆ ಬರಲು ಒಪ್ಪಲಿಲ್ಲ. ನಡೆದೇ ಹೋದೆ. ಕಂಬಿ ಹಿಡಿದು ನಿಧಾನಕ್ಕೆ ಮೆಟ್ಟಿಲು ಹತ್ತಿ, ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು, ಅನ್ನಕ್ಕಿಡಲೂ ಆಗದೆ ಮೊಸರಿಗೆ ಅವಲಕ್ಕಿ ಕಲಸಿ ತಿಂದು ಮಲಗಿದೆ.