ಶುಕ್ರವಾರ ಆರಿಸಬಾರದ ಡಬ್ಬಿ

ಗುಂಡ್ಲುಪೇಟೆಯ ಮೂಗಯ್ಯನವರು ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟವರು. ಪಂಪ್‌ಹೌಸಿನ ತಗಡಿನ ಸೂರಿನಡಿ ಕೂತು, ಮೋಟಾರಿನ ಮೈಗೆ ಕಬ್ಬಿಣದ ಸರಳು ತಾಗಿಸಿ, ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಸಾಕು, ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಮೊಂಡಾಟ ಮಾಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಇಂಜಿನಿಯರುಗಳು ಜೀಪಿನಲ್ಲಿ ಬಂದು, ಅರ್ಧ ದಿನ ತಿಣುಕಿ, ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು.

ನಿವೃತ್ತಿಯಾದ ಮೇಲೆ ಆ ಕಿವಿಗೆ ಕೆಲಸವಿಲ್ಲದಂತಾಯಿತು. ಆಗ ಎದುರುಮನೆಯ ರಘುನಾಥ ಮೇಷ್ಟ್ರು ಚಾಮರಾಜನಗರಕ್ಕೆ ವರ್ಗವಾಗಿ ಹೋಗುವಾಗ ತಮ್ಮ ಹಳೇ ಕಂಪ್ಯೂಟರನ್ನು ಇವರಿಗೆ ಕೊಟ್ಟುಹೋದರು. ಅದರಲ್ಲಿ ಊರಿಗೆಲ್ಲ ಗೊತ್ತಿದ್ದ ವಿಂಡೋಸ್ ಇರಲಿಲ್ಲ. ಪೆಂಗ್ವಿನ್ ಹಕ್ಕಿಯ ಗುರುತಿನ ಲಿನಕ್ಸ್ ಇತ್ತು. ಇಂಟರ್ನೆಟ್ ಹಿಡಿಯಲು ಏನೇನು ಟೈಪ್ ಮಾಡಬೇಕೆಂದು ಒಂದು ಚೀಟಿಯನ್ನೂ ಬರೆದುಕೊಟ್ಟು, ಹತ್ತುವ ಬಸ್ಸಿನ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು: “ಇಂಟರ್ನೆಟ್ ಬಂದರೆ ಆಕಾಶದಿಂದ ತೆಗೆದ ಫೋಟೋದಲ್ಲಿ ನಿಮ್ಮ ಪಂಪ್‌ಹೌಸು ನೋಡಬಹುದು, ಮೂಗಯ್ಯನವರೇ.”

ಆವತ್ತಿನಿಂದ ಅವರ ನಿದ್ದೆ ಕೆಟ್ಟಿತು. ಮೂವತ್ತೊಂದು ವರ್ಷ ಕೆಳಗಿನಿಂದ ನೋಡಿದ ಸೂರು ಮೇಲಿನಿಂದ ಹೇಗಿದ್ದೀತು?

2007ರಲ್ಲಿ ಕೇಬಲ್ ಟಿವಿಯ ಸೋಮಯ್ಯ ಅದೇ ತಂತಿಯಲ್ಲಿ ಇಂಟರ್ನೆಟ್ಟನ್ನೂ ಕೊಡುತ್ತೇನೆಂದಾಗ ಬೀದಿಯಲ್ಲಿ ಮೊದಲು ಕೈಯೆತ್ತಿದವರು ಇವರೇ. ಒಂದು ಶುಕ್ರವಾರ ಬೆಳಿಗ್ಗೆ ಮೋಡೆಮ್ ಎಂಬ ಡಬ್ಬಿ ಬಂತು. ಹಸಿರು ದೀಪಗಳು ಹೊತ್ತಿಕೊಂಡ ಕೂಡಲೇ ಮೂಗಯ್ಯನವರ ಹೆಂಡತಿ ಮಲ್ಲಾಜಮ್ಮ ಅದಕ್ಕೆ ವಿಭೂತಿ, ಕುಂಕುಮ ಇಟ್ಟು ಊದುಬತ್ತಿ ಬೆಳಗಿದರು. ಸೋಮಯ್ಯ ಮೊದಲು ತನ್ನ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದ, ಇಂಟರ್ನೆಟ್ ಬಂತು. ಅದೇ ತಂತಿ ಕಿತ್ತು ಮೂಗಯ್ಯನವರ ಕಂಪ್ಯೂಟರಿಗೆ ಸಿಕ್ಕಿಸಿದ, ಏನೂ ಇಲ್ಲ.

“ಮೂಗಣ್ಣ, ಇದ್ರಲ್ಲಿ ಸ್ಟಾರ್ಟ್ ಬಟನ್ನೇ ಇಲ್ವಲ್ಲಣ್ಣೋ! ಯಾವ್ದೋ ಬಾತುಕೋಳಿ ಕುಂತದೆ!”

“ಬಾತುಕೋಳಿ ಅಲ್ಲ ಕಣ್ಲಾ, ಪೆಂಗ್ವಿನ್ನು.”

“ಯಾವ್ದಾರ ಆಗ್ಲಿ, ಕಂಪ್ನಿ ಪುಸ್ತಕದಲ್ಲಿ ಇದ್ರ ಹೆಸ್ರೇ ಇಲ್ಲ. ನಡೆಯಕಿಲ್ಲ ಬುಡು. ಇರಾದು ಒಂದೇ ಡಬ್ಬಿ, ಚಿಕ್ಕಯ್ಯೋರ ಮನೇಲಿ ಕೇಳ್ತಾವ್ರೆ. ಸಂಜೆ ಐದಕ್ಕೆ ಬಂದು ಎತ್ಕೊಂಡೋಯ್ತಿನಿ.”

ಮಧ್ಯಾಹ್ನವೆಲ್ಲ ಮೂಗಯ್ಯನವರು ಡಬ್ಬಿಯ ಮುಂದೆ ಕೂತರು. ಅಭ್ಯಾಸಬಲದಿಂದ ಅದರ ಬೆನ್ನಿಗೆ ಸ್ಕ್ರೂಡ್ರೈವರ್ ತಾಗಿಸಿ ಕಿವಿಯನ್ನೂ ಕೊಟ್ಟರು. ಡಬ್ಬಿ ಏನೂ ಹೇಳಲಿಲ್ಲ. ಹೊಳೆದದ್ದು ಊಟದ ಮಧ್ಯೆ. ಒಂದು ಟ್ಯಾಂಕಿಗೆ ಓಡುತ್ತಿರುವ ಪಂಪನ್ನು ಇನ್ನೊಂದಕ್ಕೆ ತಿರುಗಿಸಬೇಕಾದರೆ ಮೊದಲು ನಿಲ್ಲಿಸಬೇಕಲ್ಲವೇ? ಈ ಡಬ್ಬಿ ಬೆಳಿಗ್ಗೆ ಲ್ಯಾಪ್‌ಟಾಪಿನ ಮುಖ ನೋಡಿದೆ, ಇನ್ನೂ ಅದನ್ನೇ ಹುಡುಕುತ್ತಿದೆ! ಒಮ್ಮೆ ಆರಿಸಿ ಹಾಕಿದರೆ ಮರೆತೀತು. ಎಂಜಲು ಕೈ ತೊಳೆದು ಸ್ವಿಚ್ಚಿಗೆ ಕೈ ಚಾಚಿದರು.

“ಶುಕ್ರವಾರ ಪೂಜೆ ಮಾಡಿರೋ ದೀಪ ಆರಿಸೀರಾ? ತಗೀರಿ ಕೈಯ!” ಎಂದರು ಮಲ್ಲಾಜಮ್ಮ.

“ಅದು ದೀಪ ಅಲ್ಲ ಕಣಮ್ಮಿ, ಲೈಟು.”

“ಕುಂಕುಮ ಇಟ್ಮೇಲೆ ದೀಪಾನೇಯ.”

ಪುರಸಭೆ ಅಧ್ಯಕ್ಷರ ಬೀದಿಗೇ ನೀರು ನಿಲ್ಲಿಸಿದ್ದ ಕೈ ಹಿಂದಕ್ಕೆ ಬಂತು. ಇನ್ನುಳಿದದ್ದು ಒಂದೇ ಭರವಸೆ: ದಿನಕ್ಕೆ ಎಂಟು ಸಲ ಹೋಗುವ ಕರೆಂಟು. ಆದರೆ ಆವತ್ತು ಯಾರೋ ಮಂತ್ರಿಗಳು ಊಟಿಗೆ ಹೋಗುವ ದಾರಿಯಲ್ಲಿ ಊರೊಳಗೆ ಇಳಿಯುತ್ತಾರೆಂದು ಕರೆಂಟು ಅಲುಗಾಡಲೇ ಇಲ್ಲ. ಜನ್ಮದಲ್ಲಿ ಮೊದಲ ಸಲ ಮೂಗಯ್ಯನವರು ಕರೆಂಟು ಹೋಗಲೆಂದು ಬೆಟ್ಟದ ಗೋಪಾಲಸ್ವಾಮಿಗೆ ಹರಕೆ ಹೊತ್ತರು.

ನಾಲ್ಕೂವರೆ ಆಯಿತು. “ಒಂದ್ಸಲ ಮೇಲಿಂದ ನೋಡ್ಬೇಕು ಅಂತಿದ್ದೆ. ಓಗ್ಲಿ ಬುಡು,” ಎಂದು ಮೂಗಯ್ಯನವರು ಗೋಡೆಗೆ ಒರಗಿದರು.

ಮಲ್ಲಾಜಮ್ಮ ಗಂಡನ ಮುಖ ನೋಡಿದರು. ಮೂವತ್ತೊಂದು ವರ್ಷ ಗ್ರೀಸಿನ ವಾಸನೆ ಹೊತ್ತು ಬಂದ ಮನುಷ್ಯ, ಉಪ್ಪಿನಕಾಯಿ ಬಿಟ್ಟರೆ ಇನ್ನೇನನ್ನೂ ಕೇಳಿದವರಲ್ಲ. ಎದ್ದು ಒಳಗೆ ಹೋಗಿ, ಹಾಲಿನಲ್ಲಿ ಅದ್ದಿದ ಒಂದು ಮಲ್ಲಿಗೆ ಹಿಡಿದು ಬಂದರು. ದೇವರ ಮನೆಯ ದೀಪವನ್ನು ಶಾಂತ ಮಾಡುವ ಹಾಗೆಯೇ ಹೂವನ್ನು ಡಬ್ಬಿಯ ನೆತ್ತಿಗೆ ಮುಟ್ಟಿಸಿ, “ತಪ್ಪಾದ್ರೆ ಹೊಟ್ಟೆಗಾಕ್ಕೊಳವ್ವ,” ಎಂದು ತಾವೇ ಸ್ವಿಚ್ಚು ಒತ್ತಿದರು. “ಈಗ ಅದೇನ್ ಮಾಡೀರೋ ಮಾಡಿ.”

ನೀರು ತಿಳಿಯಾಗಲು ಬಿಡುವಂತೆ ಮೂಗಯ್ಯನವರು ಐದು ನಿಮಿಷ ಬಿಟ್ಟರು. ಮತ್ತೆ ಸ್ವಿಚ್ಚು ಹಾಕಿ, ಮೇಷ್ಟ್ರ ಚೀಟಿಯ ಸಾಲನ್ನು ಒಂದೊಂದೇ ಅಕ್ಷರ ಕುಟ್ಟಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ದಬದಬನೆ ಇಳಿದವು, ನಿಂತವು.

ಆಮೇಲೆ ಆಕಾಶ ತೆರೆಯಿತು. ಚೌಕ ಚೌಕವಾಗಿ ನೆಲ ಬಂತು: ಕಾಡಿನ ಕಪ್ಪುಹಸಿರು, ಕೆಮ್ಮಣ್ಣು, ದಾರದೆಳೆಯಂಥ ಊಟಿ ರಸ್ತೆ. ಮೂಗಯ್ಯನವರು ಆ ಎಳೆಯನ್ನೇ ಹಿಡಿದು ಹೋದರು. ಊರಾಚೆ, ಎಳ್ಳಿನಷ್ಟು ಬಿಳಿ ಚುಕ್ಕೆ. ತಗಡಿನ ಸೂರು.

ಹೆಗಲ ಮೇಲಿನ ಟವೆಲ್ಲನ್ನು ಅವರು ತಮಗೆ ಗೊತ್ತಿಲ್ಲದೆಯೇ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ಇಷ್ಟೇನಾ ಇದು?” ಎಂದರು ಮಲ್ಲಾಜಮ್ಮ, ಪಿಸುಮಾತಿನಲ್ಲಿ.

“ಇಷ್ಟ್ರೊಳಗಿಂದ್ಲೇ ಕಣಮ್ಮಿ, ಅಷ್ಟೂ ಮನೆಗೆ ನೀರು ಓಯ್ತಿದ್ದುದು.”

ಐದಕ್ಕೆ ಸರಿಯಾಗಿ ಚೀಲ ಹಿಡಿದು ಬಂದ ಸೋಮಯ್ಯ ಹೊಸ್ತಿಲಲ್ಲೇ ನಿಂತುಬಿಟ್ಟ. “ಹೆಂಗ್ ಮಾಡ್ದಣ್ಣ?”

“ನಿಮ್ಮಕ್ಕನ ಕೇಳು.”

ಮಲ್ಲಾಜಮ್ಮ ತಿರುಗಿಯೂ ನೋಡಲಿಲ್ಲ. “ನಮ್ ತವರು ಹರವೆ ಯಾವ್ ಕಡೀಕ್ ಬತ್ತದೆ? ನಮ್ಮಪ್ಪನ ಹಿತ್ತಲ ಹುಣಸೆಮರ ಅದ್ಯಾ ನೋಡಿ.”

ಸೋಮಯ್ಯ ಖಾಲಿ ಚೀಲವನ್ನು ಮಡಿಸಿ, ಅದರ ಮೇಲೇ ಕೂತ. “ಡಬ್ಬಿ ಇರ್ಲಿ ಬುಡಣ್ಣ. ಹರವೆ ಆದ್ಮೇಲೆ ನಮ್ಮೂರು ಉಡಿಗಾಲ ಒಸಿ ತೋರ್ಸು.”

ಹರವೆ ಅರ್ಧ ಮೂಡಿತ್ತು. ಅಷ್ಟರಲ್ಲಿ ಮಂತ್ರಿಗಳ ಕಾರು ಊರು ದಾಟಿರಬೇಕು, ಇಡೀ ಬೀದಿಯ ಕರೆಂಟು ಹೋಯಿತು. ಗೋಪಾಲಸ್ವಾಮಿ ಹರಕೆಯನ್ನು ಮರೆತಿರಲಿಲ್ಲ.

ಮೂವರೂ ಏಳಲಿಲ್ಲ. ಆರಿದ ಪರದೆಯ ಮುಂದೆ, ಗರ್ಭಗುಡಿಯ ತೆರೆ ಸರಿಯುವುದನ್ನು ಕಾಯುವವರಂತೆ, ಕೂತೇ ಇದ್ದರು.