ಪಂಚಮಿಯ ಜ್ವರ

ಗಂಡನಿಂದ ಬೇರೆಯಾದ ಮೇಲೆ ನಾನೂ ಅವರೂ ಮಗಳ ವಿಷಯ ಕೂತು ಮಾತಾಡಿದ್ದು ಮಸ್ಕಿಯಲ್ಲಿ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯೊಳಗೆ. ಅವರು ಲಿಂಗಸುಗೂರಿನಿಂದ ಬಂದಿದ್ದರು, ನಾನು ಸಿಂಧನೂರಿನಿಂದ. ಇಬ್ಬರಿಗೂ ನಡುವಿನ ಊರು ಅದೇ. ಮಗಳು ತಾಯಿಯ ಹತ್ತಿರ ಇರಬೇಕು, ತಂದೆ ಬಂದು ನೋಡಬಹುದು ಎಂದಷ್ಟೇ ಕೋರ್ಟಿನ ಕಾಗದದಲ್ಲಿತ್ತು. ಅವಳನ್ನು ಹೇಗೆ ಬೆಳೆಸಬೇಕು ಎಂದು ಇರಲಿಲ್ಲ. ಅದನ್ನು ನಾವೇ ಬರೆದುಕೊಳ್ಳೋಣ ಎಂದವರು ಅವರು. ಲಿಂಗಸುಗೂರಿನಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಬೆರಳಿಗೆ ವಾರ್ನಿಷ್ ಅಂಟಿಕೊಂಡೇ ಇರುತ್ತಿತ್ತು. ಆ ಬೆರಳಲ್ಲಿ ಪೆನ್ನು ಹಿಡಿದು, ಮಗಳ ಹಳೆಯ ನೋಟುಬುಕ್ಕಿನ ಹಾಳೆಯ ಮೇಲೆ ನನ್ನನ್ನು ಕೇಳಿ ಕೇಳಿ ಬರೆದರು.

ಶಾಲೆ ಸಿಂಧನೂರಿನಲ್ಲೇ. ಓದು ಮುಗಿಯುವ ತನಕ ಎರಡೂ ಮನೆಯಲ್ಲಿ ಮದುವೆಯ ಮಾತು ಎತ್ತಬಾರದು. ತಿಂಗಳಿಗೆ ಎರಡು ಭಾನುವಾರ ಮತ್ತು ನಾಗರ ಪಂಚಮಿ ಹಬ್ಬ ಲಿಂಗಸುಗೂರಿನಲ್ಲಿ, ದೀಪಾವಳಿ ನಮ್ಮಲ್ಲಿ. ಕೊನೆಯದನ್ನು ನಾನೇ ಹೇಳಿ ಬರೆಸಿದೆ: ನಮ್ಮಿಬ್ಬರ ಮಾತನ್ನು ಮಗಳ ಬಾಯಿಂದ ಹೇಳಿಸಬಾರದು.

“ಇದು ಚೊಲೊ ಹೇಳಿದಿ ನೋಡು,” ಎಂದು ಅವರು ಅದರ ಕೆಳಗೆ ಗೆರೆ ಎಳೆದರು.

ನಾನು ಇದ್ದದ್ದು ಅಣ್ಣನ ಮನೆಯಲ್ಲಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು. ಹಾಳೆ ಓದಿ ಅಣ್ಣ ನಕ್ಕ. “ಕಾಲುವಿ ನೀರಿಗೆ ಪಾಳಿ ಹಚ್ಚಿದಂಗ ಕೂಸಿಗೆ ಪಾಳಿ ಹಚ್ಚೀರಲ್ಲಬೇ. ಮ್ಯಾಲಿನ ಹೊಲದಾಂವ ನೀರು ಕಟ್ಟಿ ಕುಂತ್ರ ಏನ್ ಮಾಡ್ತೀರಿ?” ಹಾಗೆ ಕಟ್ಟಿ ಕೂಡುವವರು ಇದ್ದರೆ ಅವರೇ ಎಂದು ನಾನು ಅಂದುಕೊಂಡೆ.

ಎರಡು ವರ್ಷ ಅವರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ, ಹೆಚ್ಚಿಗೆ ಒಂದು ದಿನ ಕೇಳಲೂ ಇಲ್ಲ. ನಮ್ಮ ಜಗಳಕ್ಕೆ ಕುಡಿತ, ಹೊಡೆತದಂಥ ಕಾರಣ ಇರಲಿಲ್ಲ. ಇದ್ದಿದ್ದರೆ ನನಗೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತು. ಅವರು ಒಳ್ಳೆಯ ತಂದೆಯಾಗಿ ನಡೆದುಕೊಂಡಷ್ಟೂ ನನಗೆ ಒಳಗೆ ಕುದಿಯುತ್ತಿತ್ತು. ಮಗಳು ಲಿಂಗಸುಗೂರಿನಿಂದ ಬಂದು ಎರಡು ದಿನ ಬರೀ ಅಲ್ಲಿಯದೇ ಹೇಳುತ್ತಿದ್ದಳು.

ಮೂರನೆಯ ಪಂಚಮಿಗೆ ಅವಳಿಗೆ ಹತ್ತು ವರ್ಷ. ಅಣ್ಣ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿದ್ದೆವು. ನಾನು ಹಸಿರು ಲಂಗ ಹೊಲಿದಿದ್ದೆ. ಅದನ್ನು ಅವಳು ಅಲ್ಲಿ ಉಟ್ಟುಕೊಂಡು ಅಲ್ಲಿಯವರ ಕಣ್ಣಿಗೆ ಚೆಂದ ಕಾಣುತ್ತಾಳೆ ಎಂಬುದನ್ನು ನನಗೆ ಸಹಿಸಲಾಗಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಅವರಿಗೆ ಫೋನ್ ಹಚ್ಚಿ ಮಗಳ ಕೈಗೆ ಕೊಟ್ಟೆ. ನಾನು ಹೇಳಿದರೆ ಅವರು ನಂಬುವುದಿಲ್ಲ, ಅವಳು ಹೇಳಿದರೆ ನಂಬುತ್ತಾರೆ ಎಂದು ಲೆಕ್ಕ ಹಾಕಿಯೇ ಕೊಟ್ಟೆ.

“ಜ್ವರ ಬಂದೈತಿ, ಬರಾಕ ಆಗೂದಿಲ್ಲ ಅನ್ನು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಹಾಗೇ ಹೇಳಿದಳು. ಜ್ವರದವರ ಹಾಗೆ ದನಿಯನ್ನೂ ಸಣ್ಣದು ಮಾಡಿದಳು. ಅದನ್ನು ನಾನು ಕಲಿಸಿರಲಿಲ್ಲ.

ಮಧ್ಯಾಹ್ನ ಅವರ ಗಾಡಿ ಬಾಗಿಲಿಗೆ ಬಂದು ನಿಂತಿತು. ಕೈಚೀಲದಲ್ಲಿ ಬ್ರೆಡ್ಡು, ಬಿಸ್ಕೆಟ್ಟು, ಜ್ವರದ ಔಷಧಿಯ ಬಾಟಲಿ. ಹಿತ್ತಲಿನಲ್ಲಿ ಹುಡುಗರ ಕೂಗು ಕೇಳಿ ನೇರ ಅಲ್ಲಿಗೇ ನಡೆದರು. ಹಸಿರು ಲಂಗ ಉಟ್ಟ ಮಗಳು ಜೋಕಾಲಿಯ ಮೇಲೆ ನಿಂತು ಜೀಕುತ್ತಿದ್ದಳು. ತಂದೆಯನ್ನು ಕಂಡು ಕೆಳಗೆ ಹಾರಿ, ಮರಕ್ಕೆ ಬೆನ್ನು ಹಚ್ಚಿ ನಿಂತಳು.

“ಬರ್ರಿ ಬರ್ರಿ, ಡಾಕ್ಟರ್ ಬಂದಂಗ ಬಂದೀರಿ,” ಎಂದ ಅಣ್ಣ, ಚೀಲದಿಂದ ಇಣುಕುತ್ತಿದ್ದ ಬಾಟಲಿ ನೋಡಿ. ಅವನಿಗೆ ಫೋನಿನ ಸಂಗತಿ ಗೊತ್ತಿರಲಿಲ್ಲ.

ಅವರು ಅವಳ ಹಣೆಯ ಮೇಲೆ ಕೈ ಇಟ್ಟರು. ಬಹಳ ಹೊತ್ತು ಇಟ್ಟರು. “ಈಗ ಬಿಟ್ಟೈತಿ. ಆದ್ರೂ ಒಳಗ ಸ್ವಲ್ಪ ಬೆಚ್ಚಗ ಐತಿ. ಬಿಸಲಾಗ ಬಾಳ ಆಡಬ್ಯಾಡವ್ವ.” ಒಂದು ಉಂಡಿ ತಿಂದು, ನೀರು ಕುಡಿದು, ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. “ಇಟ್ಕೊಂಡಿರು, ಯಾವಾಗರ ಬೇಕಾಕ್ಕೈತಿ.” ಅಷ್ಟೇ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ತಪ್ಪಾಯಿತು ಎಂದು ಮುಂದಿನ ಭಾನುವಾರ ಮಸ್ಕಿಯಲ್ಲಿ ಮಗಳನ್ನು ಅವರ ಕೈಗೆ ಒಪ್ಪಿಸುವಾಗ ಹೇಳಬೇಕೆಂದಿದ್ದೆ. ಬಸ್ಸು ಬಂದುಬಿಟ್ಟಿತು. ಅದರ ಮುಂದಿನ ಸಲ ಅವರ ಜೊತೆ ಅವರ ಗೆಳೆಯರಿದ್ದರು. ಹೀಗೆ ಒಂದೊಂದು ನೆಪ ಸಿಗುತ್ತ ಹೋಯಿತು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಅಂಗಡಿ ತೆರೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದರಂತೆ. ಜೀವಂತ ಆಸ್ಪತ್ರೆ ಮುಟ್ಟಲಿಲ್ಲ. ಮಗಳನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋದೆ. ಅವಳನ್ನು ಒಳಗೆ ಕರೆದರು. ಹೆಂಡತಿಯಲ್ಲದವಳು ಎಲ್ಲಿ ಕೂಡಬೇಕೆಂದು ಯಾರೂ ಹೇಳಲಿಲ್ಲ. ಓಣಿಯ ಹೆಂಗಸರ ನಡುವೆ ನಿಂತೇ ಇದ್ದೆ. ಬಿಟ್ಟು ಬಂದವಳು ಅಳುತ್ತಾಳಲ್ಲ ಎಂದಾರೆಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

ಆಮೇಲೆ ಬಂದ ಪಂಚಮಿಗೆ ಸಿಂಧನೂರಿನಲ್ಲೇ ನಾಗರಕಟ್ಟೆಗೆ ಹಾಲೆರೆಯಲು ಹೋದೆವು. ನಮ್ಮ ಕಡೆ ಒಬ್ಬೊಬ್ಬರ ಪಾಲು ಎಂದು ಹೇಳಿ ಒಂದೊಂದು ಸಲ ಹಾಲು ಬಿಡುತ್ತಾರೆ. ಮಗಳು ದೇವರ ಪಾಲು ಎಂದಳು, ಗುರುವಿನ ಪಾಲು ಎಂದಳು, ಅವ್ವನ ಪಾಲು ಎಂದಳು. ಅಲ್ಲಿಗೆ ನಿಂತಳು.

“ಸತ್ತವರ ಪಾಲು ಹಾಕ್ತಾರೇನಬೇ?”

“ಗೊತ್ತಿಲ್ಲವ್ವ. ನಿನಗ ಬೇಕಂದ್ರ ಹಾಕು.”

“ನಾ ಹಾಕೂದಿಲ್ಲ. ಹಬ್ಬದ ದಿನ ಜ್ವರ ಅಂತ ಸುಳ್ಳು ಹೇಳೀನಿ. ಅದಕ್ಕ ನಾಗಪ್ಪ ಸಿಟ್ಟಾಗಿ ಅಪ್ಪನ್ನ ಒಯ್ದಾನ.”

ಇಷ್ಟು ತಿಂಗಳು ಅವಳು ನನ್ನ ಪಕ್ಕದಲ್ಲೇ ಉಂಡಿದ್ದಳು, ಮಲಗಿದ್ದಳು, ಶಾಲೆಗೆ ಹೋಗಿಬಂದಿದ್ದಳು. ತಂದೆಯನ್ನು ತಾನೇ ಕೊಂದೆ ಎಂಬುದನ್ನು ಹೊತ್ತುಕೊಂಡೇ ಇದೆಲ್ಲ ಮಾಡಿದ್ದಳು. ನನಗೆ ಗೊತ್ತಾಗಿರಲಿಲ್ಲ. ನಾನು ನನ್ನ ನಾಚಿಕೆಯನ್ನಷ್ಟೇ ಕಾಯ್ದುಕೊಂಡಿದ್ದೆ.

ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತೆ. “ಆ ಸುಳ್ಳು ನಿಂದಲ್ಲ, ನಂದು. ನಿನ್ನ ಬಾಯಾಗ ಇಟ್ಟಾಕಿ ನಾನು. ನಿಮ್ಮಪ್ಪಗ ಎದಿ ನೋವು ಬಂದಿತ್ತು, ಅದಕ್ಕ ಹೋದ್ರು. ನಾಗಪ್ಪ ಏನೂ ಮಾಡಿಲ್ಲ.”

“ಅಪ್ಪಗ ಗೊತ್ತಿತ್ತೇನು, ಜ್ವರ ಇರ್ಲಿಲ್ಲಂತ?”

“ಕೈ ಇಟ್ಟ ಕೂಡ್ಲೆ ಗೊತ್ತಾತು. ನಿನ್ನ ಸುಳ್ಳಗಾರ್ತಿ ಮಾಡಬಾರ್ದಂತ ಬೆಚ್ಚಗ ಐತಿ ಅಂದ್ರು.”

ಅವಳು ಬಟ್ಟಲಿನ ಹಾಲನ್ನೇ ನೋಡುತ್ತಿದ್ದಳು. “ಮತ್ತ ನೀ ಅಪ್ಪಗ ಹೇಳಿದೇನು, ನೀನೇ ಹೇಳಿಸಿದ್ದಂತ?”

“ಇಲ್ಲ.”

“ಯಾಕ?”

ಹಿಂದಿನಿಂದ ಒಬ್ಬಾಕೆ, “ಲಗೂನ ಮುಗಸ್ರಬೇ, ಮನ್ಯಾಗ ಹುಡುಗ್ರು ಉಪವಾಸ ಕುಂತಾವ,” ಎಂದಳು. ಮಗಳು ಬಟ್ಟಲನ್ನು ನನ್ನ ಕೈಗೆ ಇಟ್ಟಳು.

“ಹಂಗಾರ ಅಪ್ಪನ ಪಾಲು ನೀ ಹಾಕು. ಅಪ್ಪಗ ಹೇಳಿ ಹಾಕು.”

ಪರಿಚಯದ ಹೆಂಗಸರು ಸುತ್ತ ನಿಂತಿದ್ದರು. ಬಿಟ್ಟ ಗಂಡನ ಪಾಲು ಎರೆಯುವವಳನ್ನು ಅವರು ಕಂಡಿರಲಿಲ್ಲ. ನಾನು ತಲೆ ತಗ್ಗಿಸಿ ಹಾಲು ಬಿಟ್ಟು, ತಪ್ಪಾಯಿತು ಎಂದು ಬಾಯೊಳಗೇ ಅಂದೆ.

“ಕೇಳಿಸ್ಲಿಲ್ಲ,” ಎಂದಳು ಮಗಳು.

ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.